ಡಾರ್ವಿನ್ನನ ಕಾದಂಬರೀ ಶ್ರವಣ

ಒಬ್ಬರ ಕೈಗೆ ಪುಸ್ತಕವೊಂದನ್ನಿತ್ತು ಇದನ್ನು ಓದಿ ನೋಡಿ ಎನ್ನುವುದು ಮೇಲುನೋಟಕ್ಕೆ ಬಹು ಸಣ್ಣ ಕೆಲಸ. ಆದರೆ ಅದನ್ನು ಸರಿಯಾಗಿ ಮಾಡಬೇಕಾದರೆ ಎರಡು ಬಗೆಯ ಅರಿವು ಬೇಕಾಗುತ್ತದೆ. ಪುಸ್ತಕದ ಗುಣವನ್ನು ಬಲ್ಲವರಾಗಿರಬೇಕು. ಅದನ್ನು ಕೈಗೆ ತೆಗೆದುಕೊಳ್ಳುವವರ ಮನಸ್ಸನ್ನೂ ಬಲ್ಲವರಾಗಿರಬೇಕು. ಗುರುವು ಶಿಷ್ಯನಿಗೆ ಪುಸ್ತಕವನ್ನು ಸೂಚಿಸುವಾಗ ಅವನ ಹಿತವನ್ನು ನೋಡುತ್ತಾನೆ. ಗೆಳೆಯನು ಗೆಳೆಯನಿಗೆ ಸೂಚಿಸುವಾಗ ಅವನ ರುಚಿಯನ್ನು ನೋಡುತ್ತಾನೆ. ಬಾಳಿನ ಜೊತೆಗಾರರಲ್ಲಿ ಮಾತ್ರ ಹಿತ ರುಚಿಗಳೆರಡೂ ಒಮ್ಮೆಗೇ ಎದುರು ಬಂದು ನಿಲ್ಲುತ್ತವೆ. ನಮ್ಮ ಮುದ್ದಣನು ಮನೋರಮೆಗೆ ಕತೆ ಹೇಳಹೊರಟಾಗ ಆಕೆಗೆ ಏನು ಸೇರುವುದೆಂದು ಕೇಳಿಕೊಂಡೇ ಮುಂದುವರಿದನು. ಪದ್ಯವೋ ಗದ್ಯವೋ ಎಂಬುದನ್ನು ತೀರ್ಮಾನಿಸಿದವಳೂ ಆಕೆಯೇ. ಅದು ಕವಿಯು ಕಲ್ಪಿಸಿದ ಮನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಲ್ಪನೆಯಲ್ಲದ ಒಂದು ಮನೆಯಿತ್ತು. ಅಲ್ಲಿ ಕತೆ ಓದಿ ಹೇಳಿದವಳು ಹೆಂಡತಿ. ಮಲಗಿ ಕೇಳಿದವನು ಗಂಡ. ಆ ಗಂಡನೇ ಚಾರ್ಲ್ಸ್ ಡಾರ್ವಿನ್.

ಡಾರ್ವಿನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಗಂಭೀರವಾದ ಮುಖ: ಎದೆಯವರೆಗೆ ಇಳಿದ ಬಿಳಿಯ ಗಡ್ಡ, ಹುಬ್ಬಿನ ಕೆಳಗೆ ಆಳಕ್ಕಿಳಿದ ಕಣ್ಣು, ಸೃಷ್ಟಿಯ ಹಳೆಯ ಕತೆಯನ್ನು ಅಲುಗಾಡಿಸಿದ ಋಷಿಯ ಭಂಗಿ. ಇಂಥವನು ಬಿಡುವಿನಲ್ಲಿ ಓದುತ್ತಿದ್ದುದು ಏನಿರಬಹುದು? ಪ್ಲೇಟೋವಿನ ಸಂವಾದಗಳೆಂದೋ ಮಹಾಕಾವ್ಯಗಳೆಂದೋ ನಾವು ಊಹಿಸುತ್ತೇವೆ. ಸಂಗತಿ ಹಾಗಿಲ್ಲ. ಆತನಿಗೆ ಬೇಕಾಗಿದ್ದುದು ಆಗಷ್ಟೇ ಅಚ್ಚಾಗಿ ಬಂದ ಕಾದಂಬರಿ. ಅದರಲ್ಲಿ ನಾಯಕಿ ಚೆಲುವೆಯಾಗಿರಬೇಕು, ಕೊನೆಯಲ್ಲಿ ಎಲ್ಲರಿಗೂ ಒಳಿತಾಗಬೇಕು. ಈ ಮಾತು ಕೇಳಿ ನಗೆ ಬಂದರೆ ತಪ್ಪಿಲ್ಲ. ಆತನೇ ತನ್ನ ರುಚಿಯನ್ನು ಕುರಿತು ನಕ್ಕವನು. ಆದರೆ ಆ ರುಚಿಯ ಹಿಂದೆ ಒಂದು ದಾಂಪತ್ಯದ ಕತೆಯಿದೆ. ಅದು ನಗೆಯಲ್ಲಿ ಮುಗಿಯುವ ಕತೆಯಲ್ಲ.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಷ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ಹೆಸರಾಂತ ವೈದ್ಯ. ತಾಯಿ ಪ್ರಸಿದ್ಧವಾದ ವೆಜ್‌ವುಡ್ ಕುಂಬಾರಿಕೆಯ ಮನೆತನದವಳು. ಹುಡುಗನಿಗೆ ಎಂಟು ವರ್ಷವಾಗಿದ್ದಾಗ ತೀರಿಕೊಂಡಳು. ಶಾಲೆಯ ಪಾಠ ಅವನಿಗೆ ಹಿಡಿಸಲಿಲ್ಲ. ಆದರೆ ಕಾವ್ಯ ಹಿಡಿಸಿತು. ಶಾಲೆಯ ದಪ್ಪ ಗೋಡೆಯಲ್ಲಿದ್ದ ಹಳೆಯ ಕಿಟಕಿಯೊಂದರಲ್ಲಿ ಕುಳಿತು ಗಂಟೆಗಟ್ಟಲೆ ಷೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳನ್ನು ಓದುತ್ತಿದ್ದನು. ಥಾಮ್ಸನ್ನನ ಋತುವರ್ಣನೆ, ಬೈರನ್ ಮತ್ತು ಸ್ಕಾಟರ ಕವಿತೆಗಳು ಆ ವಯಸ್ಸಿನಲ್ಲಿ ಅವನನ್ನು ಸೆಳೆದುವು. ವೈದ್ಯನಾಗಲೆಂದು ತಂದೆ ಎಡಿನ್‌ಬರೋಗೆ ಕಳುಹಿಸಿದನು, ಅಲ್ಲಿ ನಿಲ್ಲಲಿಲ್ಲ. ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದನು. ಅಲ್ಲಿ ಹುಳುಹುಪ್ಪಟೆಗಳನ್ನು ಹಿಡಿಯುವುದೇ ಮುಖ್ಯ ವ್ಯಾಸಂಗವಾಯಿತು. ಆದರೂ ಕೇಂಬ್ರಿಜ್ಜಿನ ಕೊನೆಯ ವರ್ಷದಲ್ಲಿ ಎರಡು ಪುಸ್ತಕಗಳು ಅವನ ಬಾಳಿನ ದಿಕ್ಕನ್ನು ಬದಲಿಸಿದುವು. ಒಂದು ಹಂಬೋಲ್ಟನ ಪ್ರವಾಸ ಕಥನ, ಇನ್ನೊಂದು ಹರ್ಷೆಲನು ವಿಜ್ಞಾನದ ಅಧ್ಯಯನವನ್ನು ಕುರಿತು ಬರೆದ ಗ್ರಂಥ. ಒಂದು ಪುಸ್ತಕವು ಒಬ್ಬ ಮನುಷ್ಯನಿಗೆ ಏನು ಮಾಡಬಲ್ಲದೆಂಬುದನ್ನು ಅವನು ಆಗಲೇ ಕಂಡಿದ್ದನು.

1831ರ ಡಿಸೆಂಬರ್ 27ರಂದು ಬೀಗಲ್ ಎಂಬ ಹಡಗು ಹೊರಟಿತು. ಇಕ್ಕಟ್ಟಾದ ಆ ಹಡಗಿನಲ್ಲಿಯೂ ಸುಮಾರು 400 ಸಂಪುಟಗಳ ಒಂದು ಪುಸ್ತಕ ಭಂಡಾರವಿತ್ತು. ಹೊರಡುವ ಮುನ್ನ ಕ್ಯಾಪ್ಟನ್ ಫಿಟ್ಸ್‌ರಾಯ್ ಲಯಲನ ಭೂವಿಜ್ಞಾನ ಗ್ರಂಥದ ಮೊದಲನೆಯ ಸಂಪುಟವನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟನು. ಗುರು ಹೆನ್ಸ್ಲೋ ಆ ಪುಸ್ತಕವನ್ನು ತಪ್ಪದೆ ಓದಬೇಕೆಂದನು. ಆದರೆ ಅದರ ಸಿದ್ಧಾಂತವನ್ನು ಮಾತ್ರ ಒಪ್ಪಕೂಡದೆಂದು ಎಚ್ಚರಿಸಿದನು. ಡಾರ್ವಿನ್ ಓದಿದನು, ಒಪ್ಪಿಯೂ ಒಪ್ಪಿದನು. ಪುಸ್ತಕವನ್ನು ಸೂಚಿಸುವವರ ಅಧಿಕಾರ ಎಲ್ಲಿಗೆ ಮುಗಿಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕೈಗೆ ಪುಸ್ತಕವನ್ನು ಕೊಡಬಹುದು; ಅದರಿಂದ ಏನನ್ನು ತೆಗೆದುಕೊಳ್ಳಬೇಕೆಂದು ವಿಧಿಸಲಾಗದು.

ಆ ಐದು ವರ್ಷಗಳ ಪ್ರವಾಸದಲ್ಲಿ ಅವನ ಮನಸ್ಸಿಗೆ ಅತ್ಯಂತ ಹತ್ತಿರವಾಗಿದ್ದ ಕೃತಿ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್'. ದಕ್ಷಿಣ ಅಮೆರಿಕದಲ್ಲಿ ಹಡಗನ್ನು ಬಿಟ್ಟು ನೆಲದ ಮೇಲೆ ಸುತ್ತಲು ಹೋದಾಗ, ಒಂದೇ ಒಂದು ಪುಸ್ತಕವನ್ನು ಒಯ್ಯಲು ಎಡೆಯಿದ್ದರೆ, ಅವನು ಆರಿಸುತ್ತಿದ್ದುದು ಮಿಲ್ಟನ್ನನನ್ನೇ. 1836ರ ಅಕ್ಟೋಬರಿನಲ್ಲಿ ತಾಯ್ನಾಡಿಗೆ ಮರಳಿದ ಮೇಲೂ ಕಾವ್ಯದ ಒಲವು ಇತ್ತು. ವರ್ಡ್ಸ್‌ವರ್ತನ 'ಎಕ್ಸ್‌ಕರ್ಷನ್' ಎಂಬ ದೀರ್ಘ ಕಾವ್ಯವನ್ನು ಎರಡು ಸಲ ಮೊದಲಿನಿಂದ ಕೊನೆಯವರೆಗೆ ಓದಿದೆನೆಂದು ಮುಂದೆ ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಈ ಮಿಲ್ಟನ್ ಪ್ರಿಯನನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನ ಮಾತು ಮುಂದೆ ಬರುತ್ತದೆ.

1838ರ ಬೇಸಗೆಯಲ್ಲಿ ಡಾರ್ವಿನ್ ಒಂದು ಕಾಗದವನ್ನು ಎದುರಿಗಿಟ್ಟುಕೊಂಡು ಮದುವೆಯ ಲಾಭನಷ್ಟಗಳನ್ನು ಎರಡು ಪಟ್ಟಿಯಾಗಿ ಬರೆದನು. ನಷ್ಟದ ಪಟ್ಟಿಯಲ್ಲಿ ಕಾಲಹರಣವಿದೆ, ಬಂಧುಗಳ ಮನೆಗೆ ಅಲೆಯುವ ಕಷ್ಟವಿದೆ, ಸಂಜೆಯ ಹೊತ್ತು ಓದಲಾಗದೆಂಬ ಅಂಜಿಕೆಯಿದೆ, ಪುಸ್ತಕ ಕೊಳ್ಳಲು ಹಣ ಸಾಲದೆಂಬ ಅಳಲೂ ಇದೆ. ಲಾಭದ ಕಡೆ ಒಂದು ಚಿತ್ರವಿದೆ: ಬೆಚ್ಚನೆಯ ಬೆಂಕಿ, ಸೋಫದ ಮೇಲೆ ಮೃದುಸ್ವಭಾವದ ಮಡದಿ, ಜೊತೆಗೆ ಪುಸ್ತಕ, ದೊರೆತರೆ ಸಂಗೀತ. ರೇಖಾಗಣಿತದ ಪ್ರಮೇಯವನ್ನು ಸಾಧಿಸಿದವನಂತೆ ಕೊನೆಯಲ್ಲಿ ಮದುವೆಯೇ ಸರಿಯೆಂದು ತೀರ್ಪಿತ್ತನು. ಬಾಳು ಈ ಪಟ್ಟಿಯನ್ನು ಹೇಗೆ ತಿದ್ದಿತೆಂಬುದು ಸ್ವಾರಸ್ಯವಾಗಿದೆ. ಸಂಜೆಯ ಓದು ತಪ್ಪಲಿಲ್ಲ, ಇಮ್ಮಡಿಯಾಯಿತು. ಪುಸ್ತಕ, ಬೆಂಕಿ, ಸಂಗೀತ ಎಲ್ಲವೂ ಬಂದುವು. ಸೋಫದ ಮೇಲೆ ಮಾತ್ರ ಮಡದಿಯ ಬದಲು ಅವನೇ ಒರಗಿದನು.

ಅವನು ಕೈಹಿಡಿದವಳು ಎಮ್ಮ ವೆಜ್‌ವುಡ್, ತಾಯಿಯ ತಮ್ಮನ ಮಗಳು. ನಮ್ಮ ಕಡೆಯ ಮಾತಿನಲ್ಲಿ ಸೋದರಮಾವನ ಮಗಳು. 1808ರ ಮೇ 2ರಂದು ಹುಟ್ಟಿದವಳು. ಅವನಿಗಿಂತ ಒಂಬತ್ತು ತಿಂಗಳು ಹಿರಿಯಳು. ಫ್ರೆಂಚ್, ಇಟಾಲಿಯನ್, ಜರ್ಮನ್ ಬಲ್ಲವಳು, ಪಿಯಾನೋ ವಾದನದಲ್ಲಿ ನುರಿತವಳು, ಓದಿನ ಮನೆಯಲ್ಲಿ ಬೆಳೆದವಳು, ದೇವರಲ್ಲಿ ಆಳವಾದ ಶ್ರದ್ಧೆಯುಳ್ಳವಳು. ತನ್ನ ಧರ್ಮಸಂದೇಹಗಳನ್ನು ಹೆಂಡತಿಯಾಗುವವಳಿಂದ ಮರೆಮಾಚೆಂದು ಡಾರ್ವಿನ್ನನ ತಂದೆ ಬುದ್ಧಿ ಹೇಳಿದ್ದನು. ಮಗನು ಮರೆಮಾಚಲಿಲ್ಲ. 1838ರ ನವೆಂಬರ್ 11ರಂದು ವಿವಾಹ ನಿಶ್ಚಯವಾಯಿತು. ಅದೇ ತಿಂಗಳಲ್ಲಿ ಎಮ್ಮ ಅವನಿಗೆ ಬರೆದ ಕಾಗದವೊಂದರಲ್ಲಿ ಒಂದು ಓದನ್ನು ಸೂಚಿಸಿದಳು. ಯೇಸು ತನ್ನ ಶಿಷ್ಯರನ್ನು ಬೀಳ್ಕೊಳ್ಳುವಾಗ ಆಡಿದ ಮಾತುಗಳು ಯೋಹಾನನ ಸುವಾರ್ತೆಯಲ್ಲಿ 13ನೆಯ ಅಧ್ಯಾಯದ ಕೊನೆಯಿಂದ ಮೊದಲಾಗುತ್ತವೆ. ತನಗಾಗಿ ಆ ಭಾಗವನ್ನು ಓದಬೇಕೆಂದು ಬೇಡಿಕೊಂಡಳು. ಹೊಸ ಒಡನಾಡಿಗೆ ಆಕೆ ಬರೆದು ಸೂಚಿಸಿದ ಆ ಓದು ಅವನ ರುಚಿಯನ್ನು ನೋಡಿ ಆರಿಸಿದ್ದಲ್ಲ, ತನ್ನ ಜೀವದಲ್ಲಿ ಅತ್ಯಂತ ಬೆಲೆಯುಳ್ಳದ್ದಾವುದೋ ಅದು.

1839ರ ಜನವರಿ 29ರಂದು ಮದುವೆಯಾಯಿತು. ಅದಾದ ಸ್ವಲ್ಪ ಕಾಲದಲ್ಲೇ ಎಮ್ಮ ಇನ್ನೊಂದು ಕಾಗದ ಬರೆದಳು. ಪ್ರಮಾಣವಿಲ್ಲದೆ ಏನನ್ನೂ ನಂಬದಿರುವುದು ವಿಜ್ಞಾನದ ಅಭ್ಯಾಸ. ಅದೇ ಅಭ್ಯಾಸವು ಪ್ರಮಾಣಕ್ಕೆ ನಿಲುಕದ ವಿಷಯಗಳಲ್ಲಿಯೂ ಗಂಡನ ಮನಸ್ಸನ್ನು ಮುಚ್ಚಿಬಿಡಬಹುದೆಂಬ ಭಯ ಆಕೆಗೆ. ಸತ್ತ ಮೇಲೂ ಇಬ್ಬರೂ ಒಂದಾಗಿರಲಾರೆವೇನೋ ಎಂಬ ಅಳುಕು ಅದರ ಹಿಂದಿತ್ತು. ಡಾರ್ವಿನ್ ಆ ಕಾಗದವನ್ನು ಕೊನೆಯವರೆಗೂ ಕಾಪಾಡಿಕೊಂಡನು. ತಾನು ಸತ್ತ ಮೇಲೆ ಆಕೆಗೆ ತಿಳಿಯಲೆಂದು, ಆ ಕಾಗದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿರುವೆನೆಂದು ಅದರ ಕೊನೆಯಲ್ಲಿ ಬರೆದಿಟ್ಟನು. ಆದರೆ ಆಕೆ ಬಯಸಿದ ದಿಕ್ಕಿಗೆ ಅವನ ಬುದ್ಧಿ ಹೊರಳಲಿಲ್ಲ. ಮುತ್ತಿಟ್ಟದ್ದೂ ನಿಜ, ಹೊರಳದಿದ್ದುದೂ ನಿಜ. ಈ ಎರಡು ನಿಜಗಳ ನಡುವೆ ಅವರು 43 ವರ್ಷ ಸಂಸಾರ ಮಾಡಿದರು.

ಎಮ್ಮಳಿಗೂ ಗಂಡನ ವಿಜ್ಞಾನದಲ್ಲಿ ಸಹಜವಾದ ಆಸಕ್ತಿ ಇರಲಿಲ್ಲ. ವಿದ್ವಾಂಸರ ಸಭೆಯೊಂದರಲ್ಲಿ ಉಪನ್ಯಾಸ ಕೇಳುತ್ತಿದ್ದಾಗ, ಇದು ನಿನಗೆ ಬೇಸರವಾಗುತ್ತಿದೆಯೇನೋ ಎಂದು ಡಾರ್ವಿನ್ ಮರುಕದಿಂದ ಕೇಳಿದನಂತೆ. ಉಳಿದೆಲ್ಲವೂ ಎಷ್ಟೋ ಇದೂ ಅಷ್ಟೇ ಎಂದು ಆಕೆ ಶಾಂತವಾಗಿ ಉತ್ತರಿಸಿದಳಂತೆ. ಈ ಉತ್ತರವನ್ನು ಅವನು ಬಹು ಸಂತೋಷದಿಂದ ನೆನೆದು ಹೇಳುತ್ತಿದ್ದನು. ಆದರೆ ನಂಬಿಕೆ ಎಷ್ಟಿತ್ತೆಂದರೆ, 1844ರಲ್ಲಿ ಜೀವಜಾತಿಗಳ ಪರಿವರ್ತನೆಯನ್ನು ಕುರಿತ ತನ್ನ ಗುಟ್ಟಿನ ಪ್ರಬಂಧವನ್ನು ಬರೆದು ಮುಗಿಸಿದಾಗ, ತಾನು ಹಠಾತ್ತಾಗಿ ಸತ್ತರೆ 400 ಪೌಂಡುಗಳನ್ನು ವೆಚ್ಚ ಮಾಡಿ ಅದನ್ನು ಪ್ರಕಟಿಸುವ ಹೊಣೆಯನ್ನು ಕಾಗದದ ಮೂಲಕ ಆಕೆಗೇ ಒಪ್ಪಿಸಿದನು. ಯಾವ ವಿಚಾರವು ಆಕೆಯ ಶ್ರದ್ಧೆಗೆ ಮುಳ್ಳಾಗಿತ್ತೋ ಆ ವಿಚಾರದ ಕಾವಲು ಆಕೆಯದೇ. ಆಕೆ ಆ ಹಸ್ತಪ್ರತಿಯನ್ನು ಓದಿದಳು. ಕಣ್ಣಿನಂಥ ಸೂಕ್ಷ್ಮವಾದ ಅಂಗವು ಮೆಲ್ಲಮೆಲ್ಲನೆ ರೂಪುಗೊಂಡಿತೆಂಬಲ್ಲಿ, ಇದು ದೊಡ್ಡ ಊಹೆಯಾಯಿತೆಂಬ ಅರ್ಥದ ಟಿಪ್ಪಣಿಯನ್ನು ಅಂಚಿನಲ್ಲಿ ಬರೆದಳು. ಗಂಡನು ಆಕೆಗೆ ತನ್ನ ಪುಸ್ತಕವನ್ನು ಕೊಟ್ಟನು. ಆಕೆ ಮೆಚ್ಚುಗೆಯ ಸುಳ್ಳನ್ನಾಡದೆ ಹಿಂತಿರುಗಿಸಿದಳು.

1842ರ ಸೆಪ್ಟೆಂಬರಿನಲ್ಲಿ ದಂಪತಿಗಳು ಲಂಡನ್ನಿನಿಂದ 16 ಮೈಲಿ ದೂರದ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಅಷ್ಟರೊಳಗೆ ಡಾರ್ವಿನ್ನನ ದೇಹಸ್ಥಿತಿ ಕೆಟ್ಟಿತ್ತು. ವಾಂತಿ, ತಲೆಸುತ್ತು, ಆಯಾಸ ಇವು ಅವನನ್ನು ಕೊನೆಯವರೆಗೂ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ದಿನಕ್ಕೆ ನಾಲ್ಕು ಗಂಟೆ ಕೆಲಸ ನಡೆದರೆ ಹೆಚ್ಚು. ಆ ನಾಲ್ಕು ಗಂಟೆಗಳನ್ನು ಉಳಿಸಿಕೊಳ್ಳಲು ಉಳಿದ ಹೊತ್ತನ್ನೆಲ್ಲ ಗಡಿಯಾರದಂತೆ ವಿಂಗಡಿಸಬೇಕಾಯಿತು. ಮಗ ಫ್ರಾನ್ಸಿಸ್ ಬರೆದ ನೆನಪುಗಳಲ್ಲಿ ಈ ದಿನಚರಿಯ ವಿವರ ಉಳಿದಿದೆ. ಬೆಳಗ್ಗೆ 8ರಿಂದ 9.30ರವರೆಗೆ ಕೆಲಸ. ಆಮೇಲೆ ನಡುಮನೆಗೆ ಬಂದು ಅಂಚೆಯನ್ನು ನೋಡುವುದು, ಮನೆಯವರ ಕಾಗದಗಳನ್ನೂ ಅನಂತರ ಕಾದಂಬರಿಯನ್ನೂ ಸೋಫದ ಮೇಲೆ ಮಲಗಿ ಕೇಳುವುದು, 10.30ಕ್ಕೆ ಮತ್ತೆ ಕೆಲಸ. ಮಧ್ಯಾಹ್ನದ ಹೊತ್ತಿಗೆ ತೋಟದ ಆಚೆಯ ಮರಳ ಹಾದಿಯಲ್ಲಿ ನಡಿಗೆ. 3 ಗಂಟೆಗೆ ಮಲಗುವ ಕೋಣೆಯಲ್ಲಿ ಒರಗಿ ಸಿಗರೇಟು ಸೇದುತ್ತ ಪುನಃ ಕಾದಂಬರಿ. ರಾತ್ರಿ ನಮ್ಮ ಪಗಡೆಗೆ ದಾಯಾದಿಯೆನ್ನಬಹುದಾದ ಬ್ಯಾಕ್‌ಗ್ಯಾಮನ್ ಆಟ ಎರಡು ಸಲ. ಬಳಿಕ ಎಮ್ಮಳ ಪಿಯಾನೋ, ಇಲ್ಲವೇ ಮತ್ತೆ ಓದು. ವಿಜ್ಞಾನದ ಗ್ರಂಥಗಳನ್ನು ಅವನೇ ಓದಿಕೊಳ್ಳುತ್ತಿದ್ದನು. ವೃತ್ತಪತ್ರಿಕೆಯೊಂದನ್ನು ಬಿಟ್ಟರೆ ಉಳಿದುದೆಲ್ಲ ಕಿವಿಯ ಓದು. ನಮ್ಮ ಹಿರಿಯರು ಪುರಾಣ ಶ್ರವಣ ಮಾಡುತ್ತಿದ್ದಂತೆ ಆ ಮನೆಯಲ್ಲಿ ಕಾದಂಬರೀ ಶ್ರವಣ ನಡೆಯಿತು.

ವಿಜ್ಞಾನದ ಪುಸ್ತಕಗಳ ವಿಷಯದಲ್ಲಿ ಡಾರ್ವಿನ್ನನಿಗೆ ಭಕ್ತಿಭಾವವಿರಲಿಲ್ಲ. ಅವು ಅವನಿಗೆ ಉಳಿ ಸುತ್ತಿಗೆಗಳಂಥ ಸಲಕರಣೆಗಳು. ಹಿಡಿಯಲು ಭಾರವಾದ ಪುಸ್ತಕವನ್ನು ನಡುವೆ ಸೀಳಿ ಎರಡು ಮಾಡಿಬಿಡುತ್ತಿದ್ದನು. ತನ್ನ ಈ ಪದ್ಧತಿಯನ್ನು ತಿಳಿಸಿ, ಲಯಲನು ಒಂದು ಗ್ರಂಥದ ಎರಡನೆಯ ಮುದ್ರಣವನ್ನು ಎರಡು ಸಂಪುಟಗಳಲ್ಲಿ ತರುವಂತೆ ಮಾಡಿದೆನೆಂದು ಡಾರ್ವಿನ್ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದನು. 1838ರಿಂದ 1860ರವರೆಗೆ, ಓದಬೇಕಾದ ಪುಸ್ತಕಗಳು, ಓದಿ ಮುಗಿಸಿದ ಪುಸ್ತಕಗಳು ಎಂದು ಅವನು ಟಿಪ್ಪಣಿ ಪುಸ್ತಕಗಳನ್ನು ಇಟ್ಟಿದ್ದನು. ಕಾದಂಬರಿಯ ರೀತಿ ಬೇರೆ. ಅದು ಸಲಕರಣೆಯಲ್ಲ, ಔಷಧವೂ ಅಲ್ಲ. ದಣಿದವನಿಗೆ ಸಿಕ್ಕುವ ನೆರಳು.

ಆ ನೆರಳು ಬರುತ್ತಿದ್ದುದು ಚಂದಾ ಕಟ್ಟಿ ಪುಸ್ತಕ ತರಿಸುವ ಪುಸ್ತಕಾಲಯದಿಂದ. ಆಗಿನ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಅಚ್ಚಾಗುತ್ತಿತ್ತು. ಬೆಲೆ 31 ಷಿಲಿಂಗ್ 6 ಪೆನ್ಸ್. ಉಳ್ಳವರೂ ಹಿಂದೆಗೆಯುವಂಥ ಬೆಲೆ. ಲಂಡನ್ನಿನ ಮ್ಯೂಡಿ ಎಂಬಾತನ ಪುಸ್ತಕಾಲಯವು ವರ್ಷಕ್ಕೆ ಒಂದು ಗಿನಿ, ಎಂದರೆ 21 ಷಿಲಿಂಗು, ಚಂದಾ ಪಡೆದು ಒಂದು ಸಲಕ್ಕೆ ಒಂದು ಸಂಪುಟದಂತೆ ಎರವಲು ಕೊಡುತ್ತಿತ್ತು. ಹೆಚ್ಚು ಚಂದಾ ಕಟ್ಟಿದವರಿಗೆ ಹೆಚ್ಚು ಸಂಪುಟ. ಇಂಥ ಪುಸ್ತಕಾಲಯಗಳಿಂದ ಹಳ್ಳಿಯ ಮನೆಗಳಿಗೂ ಹೊಸ ಪುಸ್ತಕಗಳು ಬಂದುವು. ಡಾರ್ವಿನ್ನನು ಹಳೆಯ ಮಹಾಗ್ರಂಥಗಳ ಗೊಡವೆಗೆ ಹೆಚ್ಚಾಗಿ ಹೋಗದೆ ಆಯಾ ಕಾಲದ ಹೊಸ ಪುಸ್ತಕಗಳನ್ನೇ ತರಿಸುತ್ತಿದ್ದನೆಂದು ಮಗನು ಹೇಳಿದ್ದಾನೆ. ಒಂದು ಕಾದಂಬರಿ, ಅದರೊಡನೆ ಒಂದು ಜೀವನಚರಿತ್ರೆ, ಒಂದು ಪ್ರವಾಸ ಕಥನ: ಹೀಗೆ ಎರಡು ಮೂರು ಪುಸ್ತಕಗಳು ಒಟ್ಟಿಗೆ ನಡೆಯುತ್ತಿದ್ದುವು. ಸ್ಕಾಟ್, ಜೇನ್ ಆಸ್ಟೆನ್, ಮಿಸೆಸ್ ಗ್ಯಾಸ್ಕೆಲ್ ಇವರ ಕಾದಂಬರಿಗಳನ್ನಂತೂ ಇನ್ನು ಓದಲು ಆಗದೆಂಬಷ್ಟು ಸಲ ಓದಿಸಿ ಕೇಳಿದನು.

ಇಂಥ ಶ್ರೋತೃವಿಗೆ ಹೊಸ ಪುಸ್ತಕವನ್ನು ಹೊಂದಿಸುವುದು ಸುಲಭವಾಗಿರಲಾರದು. ಅವನ ಷರತ್ತುಗಳು ಸ್ಪಷ್ಟವಾಗಿದ್ದುವು. ಮನಸಾರೆ ಪ್ರೀತಿಸಬಹುದಾದ ಒಂದು ಪಾತ್ರವಾದರೂ ಇರಬೇಕು. ಅದು ಚೆಲುವೆಯಾದ ಹೆಣ್ಣಾದರೆ ಇನ್ನೂ ಮೇಲು. ಕತೆ ದುಃಖದಲ್ಲಿ ಮುಗಿಯಬಾರದು. ಹಾಗೆ ಮುಗಿಸುವುದರ ವಿರುದ್ಧ ಒಂದು ಕಾನೂನೇ ಬರಬೇಕೆಂದು ಅವನು ತನ್ನ ಆತ್ಮಕಥೆಯಲ್ಲಿ ವಿನೋದವಾಗಿ ಬರೆದಿದ್ದಾನೆ. ನಮ್ಮ ಸಂಸ್ಕೃತ ನಾಟ್ಯ ಸಂಪ್ರದಾಯದಲ್ಲಿ ಆ ಕಾನೂನು ಬಹುಮಟ್ಟಿಗೆ ಜಾರಿಯಲ್ಲಿದ್ದುದನ್ನು ತಿಳಿದಿದ್ದರೆ ಅವನಿಗೆ ಸಂತೋಷವಾಗುತ್ತಿತ್ತೇನೋ. ಮತ್ತೊಂದು ಷರತ್ತು: ಕತೆಯ ಕೊನೆಯನ್ನು ಮೊದಲೇ ಯಾರೂ ಹೇಳಬಾರದು. ಕೊನೆಯ ಹಾಳೆಯನ್ನು ಮುಂಚಿತವಾಗಿ ತಿರುವಿ ನೋಡುವುದು ಹೆಂಗಸರ ದುರಭ್ಯಾಸವೆಂದು ಅವನ ಮತ. ದುಃಖಾಂತವೂ ಆಗಬಾರದು, ಅಂತ್ಯವೇನೆಂದು ತಿಳಿಯಲೂ ಬಾರದು! ಹಾಗಾದರೆ ಸುಖಾಂತವೆಂಬುದನ್ನು ಮೊದಲೇ ಅರಿತು ಬಾಯಿ ಬಿಡದೆ ಓದುವವರೊಬ್ಬರು ಮನೆಯಲ್ಲಿ ಇರಲೇಬೇಕು. ಅವನು ಯಾವುದನ್ನು ದುರಭ್ಯಾಸವೆಂದನೋ ಅದರ ನೆರವಿಲ್ಲದೆ ಅವನ ಸುಖ ನಡೆಯುವಂತಿರಲಿಲ್ಲವೆಂದು ನಾವು ಊಹಿಸಿದರೆ ತಪ್ಪಾಗಲಾರದು.

ಜಾರ್ಜ್ ಎಲಿಯಟ್ ಆ ಕಾಲದ ಮಹಾ ಕಾದಂಬರಿಕಾರ್ತಿ. ಆದರೆ ಆಕೆಯ 'ದಿ ಮಿಲ್ ಆನ್ ದಿ ಫ್ಲಾಸ್' (1860) ಅಣ್ಣ ತಂಗಿಯರನ್ನು ಹೊಳೆಯ ನೆರೆಯಲ್ಲಿ ಮುಳುಗಿಸಿ ಮುಗಿಯುತ್ತದೆ. ಇಂಥ ಕೊನೆಗಳನ್ನು ತಾಳಲಾರದ ಡಾರ್ವಿನ್ನನಿಗೆ ಎಲಿಯಟ್ಟಳ ಬರವಣಿಗೆ ಅಷ್ಟಾಗಿ ಹಿಡಿಸಲಿಲ್ಲ. ಮರುವರ್ಷ ಬಂದ 'ಸೈಲಸ್ ಮಾರ್ನರ್' ಮಾತ್ರ ಬಹಳ ಮೆಚ್ಚಿಗೆಯಾಯಿತು. ಚಿನ್ನವನ್ನು ಕಳೆದುಕೊಂಡ ಒಂಟಿ ನೇಕಾರನೊಬ್ಬನು ಹೊಸಿಲಿಗೆ ಬಂದ ಅನಾಥ ಶಿಶುವಿನಲ್ಲಿ ಬಾಳಿನ ಬೆಳಕನ್ನು ಕಾಣುವ ಕತೆ ಅದು. ರುಚಿಯೆಂಬುದು ಲೇಖಕರ ಹೆಸರನ್ನು ಹಿಡಿದು ಹೋಗುವುದಲ್ಲ. ಒಬ್ಬಳೇ ಲೇಖಕಿಯ ಒಂದು ಪುಸ್ತಕ ಬೇಡವಾಗಿ ಇನ್ನೊಂದು ಬೇಕಾಗುತ್ತದೆ. ಒಬ್ಬರ ರುಚಿಯನ್ನು ಬಲ್ಲೆವೆನ್ನುವುದಕ್ಕೆ ಈ ವ್ಯತ್ಯಾಸವನ್ನು ಬಲ್ಲವರಾಗಿರಬೇಕು.

ಡಾರ್ವಿನ್ ದುಃಖಾಂತವನ್ನು ಏಕೆ ಒಲ್ಲೆನೆಂದನು? ಮೃದು ಮನಸ್ಸಿನ ದೌರ್ಬಲ್ಯವೆಂದು ಬಿಟ್ಟುಬಿಡುವ ಮೊದಲು ಅವನ ಸಂಸಾರವನ್ನು ನೋಡಬೇಕು. ದಂಪತಿಗಳಿಗೆ ಹುಟ್ಟಿದ ಮಕ್ಕಳು ಹತ್ತು. ಅವರಲ್ಲಿ ಮೂವರು ಎಳೆಯರಾಗಿಯೇ ತೀರಿಕೊಂಡರು. ಹಿರಿಯ ಮಗಳು ಆನಿ ತಂದೆಯ ಕಣ್ಣಮಣಿ. ಹತ್ತು ವರ್ಷದ ಆ ಹುಡುಗಿಯನ್ನು ಚಿಕಿತ್ಸೆಗೆಂದು ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. ತುಂಬು ಗರ್ಭಿಣಿಯಾಗಿದ್ದ ಎಮ್ಮ ಡೌನ್ ಮನೆಯಲ್ಲೇ ಉಳಿಯಬೇಕಾಯಿತು. 1851ರ ಏಪ್ರಿಲ್ 23ರಂದು ಆನಿ ಕಣ್ಣುಮುಚ್ಚಿದಳು. ತಂದೆ ಬಳಿಯಲ್ಲಿದ್ದನು, ತಾಯಿಗೆ ಸುದ್ದಿ ಕಾಗದದ ಮೂಲಕ ಹೋಯಿತು. 1858ರ ಜೂನ್ ತಿಂಗಳಲ್ಲಿ, ವ್ಯಾಲೆಸ್ ಬರೆದ ಪ್ರಬಂಧವು ಅಂಚೆಯಲ್ಲಿ ಬಂದು ಇಪ್ಪತ್ತು ವರ್ಷಗಳ ದುಡಿಮೆಯನ್ನು ಕಂಗೆಡಿಸಿದ ಆ ದಿನಗಳಲ್ಲೇ, ಕಿರಿಯ ಗಂಡು ಮಗು ಕೆಂಪುಜ್ವರದಿಂದ ತೀರಿಕೊಂಡಿತು. ಪ್ರಕೃತಿಯಲ್ಲಿ ಹುಟ್ಟುವ ಜೀವಗಳೆಷ್ಟು, ಉಳಿಯುವ ಜೀವಗಳೆಷ್ಟು ಎಂಬ ಲೆಕ್ಕವನ್ನು ಜಗತ್ತಿನಲ್ಲಿ ಯಾರಿಗಿಂತಲೂ ಚೆನ್ನಾಗಿ ಬಲ್ಲವನು ಅವನು. ದುರಂತವನ್ನು ಕಾಣಲು ಅವನು ಕಾದಂಬರಿಯವರೆಗೆ ಹೋಗಬೇಕಾಗಿರಲಿಲ್ಲ. ಬೆಳಗಿನ ಒಂದು ಗಂಟೆ, ಸಂಜೆಯ ಒಂದು ಗಂಟೆ ಬೇರೊಂದು ನಿಯಮ ನಡೆಯುವ ಲೋಕದಲ್ಲಿ ಇರಬಯಸಿದರೆ ಅದನ್ನು ಯಾರು ತಪ್ಪೆನ್ನುವರು?

1859ರ ನವೆಂಬರ್ 24ರಂದು 'ಆರಿಜಿನ್ ಆಫ್ ಸ್ಪೀಷೀಸ್' ಹೊರಬಂದಿತು. ಮೊದಲ ಮುದ್ರಣದ ಪ್ರತಿಗಳು 1,250. ಅವುಗಳಲ್ಲಿ 500 ಪ್ರತಿಗಳನ್ನು ಮ್ಯೂಡಿಯ ಪುಸ್ತಕಾಲಯವೇ ಕೊಂಡಿತು. ಕಾದಂಬರಿಗಳನ್ನು ಊರೂರಿಗೆ ಹಂಚುತ್ತಿದ್ದ ಪೆಟ್ಟಿಗೆಗಳಲ್ಲಿಯೇ ಈ ಗ್ರಂಥವೂ ಮನೆಮನೆಗೆ ಹೋಯಿತು. ಎಷ್ಟು ಮನೆಗಳಲ್ಲಿ ಗಂಡ ಹೆಂಡಿರ ನಡುವೆ ಅದು ಚರ್ಚೆಯನ್ನೆಬ್ಬಿಸಿತೋ! ಈ ದಂಪತಿಗಳ ನಡುವೆ ಆ ಚರ್ಚೆ ಇಪ್ಪತ್ತು ವರ್ಷ ಹಿಂದೆಯೇ ಎರಡು ಕಾಗದಗಳಲ್ಲಿ ನಡೆದು ಮೌನದಲ್ಲಿ ನಿಂತಿತ್ತು. ಹೊರಗೆ ಬಿರುಗಾಳಿಯೆದ್ದಿದ್ದಾಗ ಒಳಗೆ ಎಂದಿನಂತೆ ಕಾದಂಬರಿ ನಡೆಯುತ್ತಿತ್ತು.

ಆ ಓದಿನ ಒಂದು ವಿವರವನ್ನು ಫ್ರಾನ್ಸಿಸ್ ದಾಖಲಿಸಿದ್ದಾನೆ. ಕೇಳುತ್ತ ಕೇಳುತ್ತ ಡಾರ್ವಿನ್ ಎಷ್ಟೋ ಸಲ ನಿದ್ದೆಹೋಗುತ್ತಿದ್ದನು. ಎಮ್ಮ ಓದನ್ನು ನಿಲ್ಲಿಸುತ್ತಿರಲಿಲ್ಲ. ದನಿ ನಿಂತರೆ ಅವನಿಗೆ ಎಚ್ಚರವಾದೀತೆಂದು, ಕೇಳುವವರಿಲ್ಲದ ಕತೆಯನ್ನು ಅದೇ ಲಯದಲ್ಲಿ ಮುಂದುವರಿಸುತ್ತಿದ್ದಳು. ಎದ್ದ ಮೇಲೆ ಅವನು ಕತೆಯ ಭಾಗ ತಪ್ಪಿಹೋಯಿತಲ್ಲಾ ಎಂದು ಮರುಗುತ್ತಿದ್ದನು. ರೋಗಪೀಡಿತನಿಗೆ ಕತೆಗಿಂತ ನಿದ್ದೆ ಹಿತ. ಅವನ ರುಚಿಗೆ ನಿದ್ದೆಗಿಂತ ಕತೆ ಪ್ರಿಯ. ಎರಡನ್ನೂ ಒಂದೇ ದನಿಯಲ್ಲಿ ಕೊಟ್ಟವಳು ಆಕೆ.

ಈಗ ಮಿಲ್ಟನ್ನನ ಮಾತಿಗೆ ಬರೋಣ. 1876ರಲ್ಲಿ ಡಾರ್ವಿನ್ ತನ್ನ ಮಕ್ಕಳಿಗಾಗಿ ಆತ್ಮಕಥೆಯನ್ನು ಬರೆದನು. ಅದರಲ್ಲಿ ಸಾಹಿತ್ಯಪ್ರಿಯರ ಮನಸ್ಸನ್ನು ಕಲಕುವ ಒಂದು ಭಾಗವಿದೆ. ಮೂವತ್ತು ವರ್ಷದವರೆಗೆ, ಅಥವಾ ಅದರಾಚೆಯೂ, ತನಗೆ ಕಾವ್ಯವು ಅಪಾರ ಆನಂದವನ್ನು ಕೊಡುತ್ತಿತ್ತೆಂದೂ ಈಗ ಒಂದು ಸಾಲು ಕವಿತೆಯನ್ನೂ ಓದಲಾರೆನೆಂದೂ ಹೇಳುತ್ತಾನೆ. ಷೇಕ್ಸ್‌ಪಿಯರನನ್ನು ಮತ್ತೆ ಓದಲು ಹೋದರೆ ಓಕರಿಕೆ ಬರುವಷ್ಟು ಬೇಸರವಾಯಿತಂತೆ. ತನ್ನ ಮನಸ್ಸು ಸಂಗತಿಗಳ ರಾಶಿಯನ್ನು ಅರೆದು ನಿಯಮಗಳನ್ನು ತೆಗೆಯುವ ಯಂತ್ರವಾಗಿ ಹೋಯಿತೆಂದು ಮರುಗುತ್ತಾನೆ. ಇನ್ನೊಮ್ಮೆ ಬಾಳುವಂತಾದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕಾವ್ಯವನ್ನೋದಿ ಸ್ವಲ್ಪ ಸಂಗೀತವನ್ನು ಕೇಳುವ ನಿಯಮವಿಟ್ಟುಕೊಳ್ಳುತ್ತಿದ್ದೆನೆನ್ನುತ್ತಾನೆ. ಈ ಅಭಿರುಚಿಗಳ ನಾಶ ಸುಖದ ನಾಶವೇ ಸರಿ. ಬುದ್ಧಿಗೂ ಶೀಲಕ್ಕೂ ಅದರಿಂದ ಕೇಡಾಗಬಹುದೆಂಬುದು ಅವನ ಅನುಮಾನ. ಅದೇ ಎಡೆಯಲ್ಲಿ ಕಾದಂಬರಿಕಾರರನ್ನೆಲ್ಲ ಮನಸಾರೆ ಹರಸುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೂವತ್ತನೆಯ ವರ್ಷವೆಂದರೆ ಅವನ ಮದುವೆಯ ವರ್ಷ. ಅಲ್ಲಿಂದ ಮುಂದೆ ಬೇಕಾದುದನ್ನೇ ಬೇಕಾದಂತೆ ಓದಿ ಕೇಳಿಸಿದುದರಿಂದ ಅವನ ರಸನೆ ಸಿಹಿಯೊಂದಕ್ಕೇ ಒಗ್ಗಿಹೋಯಿತೆ? ಎಮ್ಮ ಕಾದಂಬರಿಯ ಬದಲು ನಡುನಡುವೆ ಮಿಲ್ಟನ್ನನನ್ನು ಕೈಗೆತ್ತಿಕೊಳ್ಳಬೇಕಾಗಿತ್ತೆ? ರುಚಿಯನ್ನು ಅನುಸರಿಸುವ ಪ್ರೀತಿಯು ರುಚಿಯನ್ನು ಕುಗ್ಗಿಸಲೂಬಹುದೆಂಬುದು ಪುಸ್ತಕ ಸೂಚಿಸುವ ನಮಗೆಲ್ಲ, ವಿಶೇಷವಾಗಿ ಅಧ್ಯಾಪಕರಿಗೆ, ಯೋಚಿಸಬೇಕಾದ ಮಾತು. ಆದರೆ ಈ ಸಂದರ್ಭದಲ್ಲಿ ಆಕೆಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಡಾರ್ವಿನ್ ದೂಷಿಸಿದ್ದು ಕಾದಂಬರಿಯನ್ನಲ್ಲ. ಬಳಸದೆ ಬಿಟ್ಟ ತನ್ನ ಮನಸ್ಸಿನ ಭಾಗವನ್ನು. ನಾಲ್ಕು ಗಂಟೆಯ ದುಡಿಮೆ ಅವನ ಚೈತನ್ಯವನ್ನೆಲ್ಲ ಹೀರುತ್ತಿತ್ತು. ಕಾವ್ಯವು ಕೇಳುವವನಿಂದಲೂ ದುಡಿಮೆಯನ್ನು ಬೇಡುತ್ತದೆ. ಆ ದುಡಿಮೆಗೆ ಅವನಲ್ಲಿ ಏನೂ ಉಳಿದಿರಲಿಲ್ಲ. ಜೊತೆಗೆ, ಒಮ್ಮೆ ಹಿತವನ್ನೆಣಿಸಿ ಸೂಚಿಸಿದ ಓದು ಏನಾಯಿತೆಂಬುದನ್ನು ಎಮ್ಮ ಕಂಡಿದ್ದಳು. ಅವನ ಆತ್ಮವನ್ನು ತಿದ್ದುವ ಪುಸ್ತಕವನ್ನು ಅವನಿಗೆ ಹಿಡಿಸಲಾಗಲಿಲ್ಲ. ಅವನ ದಿನವನ್ನು ಹಗುರಗೊಳಿಸುವ ಪುಸ್ತಕಗಳನ್ನು ಹಿಡಿಸಬಹುದಾಗಿತ್ತು. ಆಕೆ ಆರಿಸಿಕೊಂಡದ್ದು ಎರಡನೆಯ ದಾರಿ. ಅದು ಸೋಲೊಪ್ಪಿದವಳ ದಾರಿಯಲ್ಲ. ಒಬ್ಬನನ್ನು ನಮ್ಮಂತೆ ಮಾಡಿಕೊಳ್ಳುವ ಆಸೆಯನ್ನು ಬಿಟ್ಟು ಅವನಿದ್ದಂತೆಯೇ ಒಲಿಯುವುದಕ್ಕೆ ಮತಪ್ರಚಾರಕ್ಕಿಂತ ಹೆಚ್ಚಿನ ತಾಳ್ಮೆ ಬೇಕು.

ವಯಸ್ಸಾದಂತೆ ದಂಪತಿಗಳ ದಿನಚರಿ ಇನ್ನೂ ನಿಯಮಬದ್ಧವಾಯಿತು. ಬ್ಯಾಕ್‌ಗ್ಯಾಮನ್ ಆಟದ ಗೆಲುವುಗಳನ್ನು ಡಾರ್ವಿನ್ ಜೀವಜಂತುಗಳ ಲೆಕ್ಕದಂತೆಯೇ ಬರೆದಿಡುತ್ತಿದ್ದನು. 1876ರ ಜನವರಿಯಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಅವನು ತಿಳಿಸಿದ ಲೆಕ್ಕದಂತೆ ಎಮ್ಮ ಗೆದ್ದ ಆಟಗಳು 2,490, ತಾನು ಗೆದ್ದುವು 2,795. ಇಷ್ಟು ಸಾವಿರ ಸಂಜೆಗಳ ಪಕ್ಕದಲ್ಲಿ ಎಷ್ಟು ಸಾವಿರ ಪುಟಗಳ ಓದು ನಡೆದಿರಬಹುದೆಂಬುದನ್ನು ವಾಚಕರೇ ಎಣಿಸಬಹುದು.

1882ರ ಏಪ್ರಿಲ್ 19ರಂದು ಡಾರ್ವಿನ್ ಡೌನ್ ಮನೆಯಲ್ಲಿ ತೀರಿಕೊಂಡನು, ಎಮ್ಮ ಬಳಿಯಲ್ಲಿದ್ದಳು. ಹಳ್ಳಿಯ ಚರ್ಚಿನ ಅಂಗಳದಲ್ಲಿ ಸಮಾಧಿಯಾಗುವುದೆಂದು ಮನೆಯವರು ಎಣಿಸಿದ್ದರು. ರಾಷ್ಟ್ರವು ಅವನನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಒಯ್ದಿತು. 26ರಂದು ನಡೆದ ಆ ಮಹಾ ಸಮಾರಂಭಕ್ಕೆ ಎಮ್ಮ ಹೋಗಲಿಲ್ಲ. ತಾವಿಬ್ಬರೂ ಬಾಳಿದ ಮನೆಯಲ್ಲೇ ಉಳಿದಳು.

ಮುಂದೆ ಫ್ರಾನ್ಸಿಸ್ ತಂದೆಯ ಜೀವನ ಮತ್ತು ಪತ್ರಗಳನ್ನು ಸಂಪಾದಿಸಿದಾಗ ಆತ್ಮಕಥೆಯೂ ಅದರಲ್ಲಿ ಸೇರಬೇಕಾಗಿತ್ತು. ಅದರಲ್ಲಿ ಧರ್ಮವನ್ನು ಕುರಿತು ಡಾರ್ವಿನ್ ನಿಷ್ಠುರವಾಗಿ ಬರೆದ ಭಾಗಗಳಿದ್ದುವು. ಅವು ಅಚ್ಚಾಗುವುದು ಎಮ್ಮಳಿಗೆ ಬೇಡವಾಗಿತ್ತು. ಅವನ ಶ್ರದ್ಧಾವಂತ ಗೆಳೆಯರಿಗೆ ನೋವಾದೀತೆಂದು ಕಾರಣ ಹೇಳಿದಳು. ಆ ನೋವು ಮೊದಲು ಆಕೆಯದೇ ಆಗಿತ್ತು. 1887ರಲ್ಲಿ ಆ ಭಾಗಗಳನ್ನು ಬಿಟ್ಟು ಪುಸ್ತಕ ಪ್ರಕಟವಾಯಿತು. ನಲವತ್ತು ವರ್ಷ ಗಂಡನಿಗೆ ಒಂದು ಪುಟವನ್ನೂ ಬಿಡದೆ ಓದಿದವಳು ಲೋಕಕ್ಕೆ ಅವನ ಕೆಲವು ಪುಟಗಳನ್ನು ಓದಿ ಹೇಳಲೊಲ್ಲದೆ ಹೋದಳು. ಆದರೆ ಕಾವ್ಯವನ್ನು ಕಳೆದುಕೊಂಡ ಕೊರಗಿನ ಪುಟವೂ ಕಾದಂಬರಿಕಾರರನ್ನು ಹರಸಿದ ಪುಟವೂ ಹಾಗೆಯೇ ಉಳಿದುವು. ಬಿಟ್ಟ ಭಾಗಗಳನ್ನು ಮೊಮ್ಮಗಳು ನೋರಾ ಬಾರ್ಲೋ 1958ರಲ್ಲಿ ಮತ್ತೆ ಸೇರಿಸಿ ಪ್ರಕಟಿಸಿದಳು. ಅಷ್ಟರಲ್ಲಿ ಆ ಮಾತುಗಳಿಂದ ನೋಯಬಹುದಾಗಿದ್ದವರು ಯಾರೂ ಉಳಿದಿರಲಿಲ್ಲ.

ಎಮ್ಮ ಗಂಡನ ಅನಂತರ ಹದಿನಾಲ್ಕು ವರ್ಷ ಬಾಳಿ, 1896ರ ಅಕ್ಟೋಬರ್ 2ರಂದು, 88ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಇರುವುದು ಡೌನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ. ಅವನದು ಲಂಡನ್ನಿನಲ್ಲಿ, ಹರ್ಷೆಲನ ಸಮೀಪದಲ್ಲಿ. ಸತ್ತ ಮೇಲೆ ಬೇರಾಗುವೆವೇನೋ ಎಂದು ಮದುವೆಯ ವರ್ಷ ಆಕೆ ಅಂಜಿದ್ದು ಈ ಒಂದು ಅರ್ಥದಲ್ಲಿ ನಿಜವಾಯಿತು. ಆದರೆ ಬದುಕಿದ್ದಾಗ ಒಂದಾಗಿದ್ದ ಗಂಟೆಗಳು ಇದ್ದುವಲ್ಲ: ಬೆಳಗಿನ 10ರ ಸುಮಾರಿಗೆ, ಮಧ್ಯಾಹ್ನದ 3ಕ್ಕೆ, ಆಟ ಮುಗಿದ ರಾತ್ರಿಯಲ್ಲಿ. ಜೀವಕೋಟಿಯ ಹೋರಾಟವನ್ನು ಬರೆದ ಮನುಷ್ಯನು ಕಣ್ಣುಮುಚ್ಚಿ ಮಲಗಿರುತ್ತಿದ್ದನು. ಅವನ ತತ್ತ್ವವನ್ನು ಒಪ್ಪದ, ಅವನನ್ನು ಒಪ್ಪಿದ ಹೆಂಗಸು ಸುಖವಾಗಿ ಮುಗಿಯುವ ಕತೆಯೊಂದರ ಹಾಳೆಯನ್ನು ತಿರುವುತ್ತಿದ್ದಳು.